ಗುಜರಿ ಅಂಗಡಿಯ ಬೆಳದಿಂಗಳು

ಫೆಬ್ರವರಿ 10, ಸೋಮವಾರ

ಇವತ್ತು ಇವರಿಗೆ ಬಿದ್ದ ಚಪ್ಪಾಳೆಯಲ್ಲಿ ಅರ್ಧ ನನಗೂ ಬೀಳಬೇಕಿತ್ತು. ಬೀಳಲಿಲ್ಲ. ಈ ಡೈರಿಯಲ್ಲಾದರೂ ಬರೆದುಕೊಳ್ಳುತ್ತೇನೆ, ಇಲ್ಲಿ ಯಾರೂ ಅಡ್ಡ ಮಾತಾಡುವುದಿಲ್ಲ.

ನಮ್ಮ ನಾಟಕದ ಮೂರನೇ ಅಂಕದಲ್ಲಿ ರಾಣಿ ಬೆಳದಿಂಗಳಲ್ಲಿ ಕೂತು ಸತ್ತ ಮಗನ ಜೊತೆ ಮಾತಾಡುತ್ತಾಳೆ. ಆ ಬೆಳದಿಂಗಳಿಗಾಗಿ ನನ್ನ ಗಂಡ ಎಷ್ಟು ವರ್ಷದಿಂದ ಒದ್ದಾಡುತ್ತಿದ್ದರೋ. ನೀಲಿ ಕಾಗದ ಕಟ್ಟಿದರು, ನೀಲಿ ಬಲ್ಬು ಹಾಕಿದರು. ಏನು ಮಾಡಿದರೂ ರಾಣಿ ಔಷಧಿ ಅಂಗಡಿಯ ಬೋರ್ಡಿನ ಕೆಳಗೆ ಕೂತ ಹಾಗೇ ಕಾಣುತ್ತಿದ್ದಳು. ನಾಟಕದ ನಡುವೆ ಒಂದು ದೀಪ ಕೈಕೊಟ್ಟರೂ ಸಾಕು, ತಂಡದವರೆಲ್ಲ "ಫ್ಯೂಸಣ್ಣ" ಅಂತ ಕೂಗಿ ನಗುತ್ತಿದ್ದರು. ಇವರೂ ಅವರ ಜೊತೆ ಸೇರಿಕೊಂಡು ನಗುತ್ತಿದ್ದರು. ನನಗೆ ಮೈ ಉರಿಯುತ್ತಿದ್ದದ್ದು ಅದಕ್ಕೇ.

ಹೋದ ವಾರ ಗುಜರಿ ಅಂಗಡಿಯಿಂದ ಉದ್ದುದ್ದ ಟ್ಯೂಬುಗಳನ್ನು ಹಳೇ ಹೊದಿಕೆಯಲ್ಲಿ ಸುತ್ತಿ, ಹಸುಗೂಸಿನ ಹಾಗೆ ಎತ್ತಿಕೊಂಡು ಬಂದರು. ಬಾಗಿಲು ಮುಚ್ಚಿದ ಯಾವುದೋ ಹಾಲಿನ ಕಾರ್ಖಾನೆಯದಂತೆ. ಪ್ಯಾಕೆಟ್ಟು ತುಂಬುವ ಕೋಣೆಯಲ್ಲಿ ಕ್ರಿಮಿ ಸಾಯಿಸಲು ಹಾಕುತ್ತಿದ್ದರಂತೆ. ನಮ್ಮ ರಂಗದ ಮೇಲೆ ಧೂಳಿಗೆ ಎಲ್ಲರೂ ಕೆಮ್ಮುತ್ತಾರಲ್ಲ, ಬೆಳಕಿನ ಜೊತೆಗೆ ಕ್ರಿಮಿಯೂ ಸತ್ತರೆ ಅದೂ ಒಂದು ಲಾಭವೇ ಅಂದರು. ನನಗೂ ಸರಿ ಅನ್ನಿಸಿತು.

ಇವತ್ತು ತಾಲೀಮಿನಲ್ಲಿ ಅವನ್ನು ರಂಗದ ಮುಂದಿನ ಅಂಚಿಗೆ ಸಾಲಾಗಿ ಕೂರಿಸಿ ಹಚ್ಚಿದರು. ಸತ್ಯ ಹೇಳಬೇಕೆಂದರೆ ನಾನೂ ಬೆರಗಾದೆ. ತಿಳಿನೀಲಿ, ತಣ್ಣಗಿನ ಬೆಳಕು. ರಾಣಿಯ ಬಿಳಿ ಬಟ್ಟೆ ತಾನೇ ಬೆಳಗುತ್ತಿರುವ ಹಾಗಿತ್ತು. ಮೇಷ್ಟ್ರು ಕುರ್ಚಿ ಬಿಟ್ಟು ಎದ್ದು ಬಂದರು. ನಮ್ಮ ನಿರ್ದೇಶಕರು ಹಾಗೆಲ್ಲ ಏಳುವ ಪೈಕಿಯಲ್ಲ. ಇವರನ್ನು ತಬ್ಬಿಕೊಂಡು, "ಇನ್ಮೇಲೆ ಇವರನ್ನ ಫ್ಯೂಸಣ್ಣ ಅಂದೋರಿಗೆ ನನ್ನ ತಂಡದಲ್ಲಿ ಜಾಗ ಇಲ್ಲ. ಚಂದಮಾಮ ಅನ್ನಿ" ಅಂದರು. ಎಲ್ಲರೂ ಚಪ್ಪಾಳೆ.

ಆ ಬೆಳಕಿಗೆ ಹೊಂದಲಿ ಎಂದು ರಾಣಿಯ ಕೆನ್ನೆಯ ಕೆಂಪನ್ನು ಮೂರು ಸಲ ಅಳಿಸಿ ಹಚ್ಚಿದ ಈ ಬಣ್ಣದವಳು ಪರದೆಯ ಸಂದಿಯಲ್ಲಿ ನಿಂತಿದ್ದಳು. ಅವಳ ಕಡೆ ಯಾರೂ ತಿರುಗಲಿಲ್ಲ. ಇರಲಿ. ಇವರು ಮನೆಗೆ ಬರುವ ದಾರಿಯುದ್ದಕ್ಕೂ ಸಿಳ್ಳೆ ಹಾಕುತ್ತಿದ್ದರು.

ಫೆಬ್ರವರಿ 11, ಮಂಗಳವಾರ

ಇವತ್ತು ಮಹಾರಾಣಿ ನನ್ನ ಕಾಡಿಗೆ ಡಬ್ಬಿಯನ್ನು ಮೂಗಿಗೆ ಹಿಡಿದು ಮೂಸಿದಳು. ಹುಳಿ ಹಿಡಿದ ಹಾಲನ್ನು ಮೂಸುವ ಹಾಗೆ, ಎಲ್ಲರೆದುರು.

ಮಹಾರಾಣಿ ಎಂದರೆ ರಾಣಿಯ ಪಾತ್ರದವಳು. ಹೆಸರಿಟ್ಟವಳು ನಾನೇ. ಪಾತ್ರ ಸಿಕ್ಕ ದಿನದಿಂದ ತನ್ನ ನೀರಿನ ಬಾಟಲಿಯನ್ನೂ ಬೇರೆಯವರು ತಂದುಕೊಡಲಿ ಅಂತ ಕಾಯುತ್ತಾಳೆ. ನಿನ್ನೆ ಸಂಜೆ ಊಟದ ಹೊತ್ತಿಗೆ ಅವಳ ಕಣ್ಣು ಚುಚ್ಚಲು ಶುರುವಾಯಿತಂತೆ. ಮರಳು ಸುರಿದ ಹಾಗೆ. ದೀಪ ನೋಡಲಾಗದೆ, ಕಣ್ಣು ಮುಚ್ಚಲೂ ಆಗದೆ ಗೋಡೆ ಹಿಡಿದು ಓಡಾಡಿದಳಂತೆ. ಮೂರನೇ ಅಂಕದಲ್ಲಿ ಅವಳ ಜೊತೆಗಿರುವ ಸಖಿಯರಿಗೂ ಸೈನಿಕರಿಗೂ ಹಾಗೇ ಆಗಿದೆ. ಮಂತ್ರಿ ಒಬ್ಬನಿಗೆ ಏನೂ ಆಗಿಲ್ಲ. ಅವನು ಕನ್ನಡಕ ತೆಗೆದರೆ ಮೆಟ್ಟಿಲು ಕಾಣುವುದಿಲ್ಲ, ರಂಗದ ಮೇಲೂ ಹಾಕಿಕೊಂಡೇ ಇರುತ್ತಾನೆ, ಅದಕ್ಕೇ ಅವನಿಗೆ ಕಾಡಿಗೆ ಹಚ್ಚುವುದೇ ಇಲ್ಲ.

"ನೋಡಿ, ಕಾಡಿಗೆ ಹಚ್ಚದವನೊಬ್ಬ ಆರಾಮಾಗಿದ್ದಾನೆ" ಅಂದಳು ಮಹಾರಾಣಿ. ಮೇಷ್ಟ್ರು ಗಡ್ಡ ಕೆರೆದುಕೊಂಡರು. ಅವರು ಗಡ್ಡ ಕೆರೆದುಕೊಂಡರೆ ತೀರ್ಪು ಬರೆದಾಗಿದೆ ಎಂದೇ ಅರ್ಥ.

ಹದಿನೆಂಟು ವರ್ಷದಿಂದ ಇವರ ಮುಖಗಳನ್ನು ತಿದ್ದಿದ್ದೇನೆ. ಯಾರ ಮೂಗು ಯಾವ ಕಡೆ ಸೊಟ್ಟ, ಯಾರಿಗೆ ಯಾವ ಅಂಟು ಆಗಿಬರುವುದಿಲ್ಲ, ಎಲ್ಲ ನನಗೆ ಬಾಯಿಪಾಠ. ಅವಳು ನನ್ನ ಡಬ್ಬಿ ಮೂಸುತ್ತಾಳೆ.

ಫೆಬ್ರವರಿ 12, ಬುಧವಾರ

ಹಳೇ ಕಾಡಿಗೆ ಎಸೆದೆ. ಎಲ್ಲರ ಕಣ್ಣೆದುರೇ ಹೊಸ ಡಬ್ಬಿ ಒಡೆದು ಹಚ್ಚಿದೆ. ಇನ್ನು ಮಾತಾಡಲಿ, ನೋಡುತ್ತೇನೆ.

ಫೆಬ್ರವರಿ 13, ಗುರುವಾರ

ಮಾತಾಡಿದರು.

ನಿನ್ನೆ ಸಂಜೆ ಮತ್ತೆ ಅದೇ ಕಣ್ಣುನೋವು, ಈ ಸಲ ಜೊತೆಗೆ ಚರ್ಮವೂ ಕೆಂಪಾಗಿದೆ. ಮಹಾರಾಣಿಯ ಮುಖ ಎಂದಿನಂತೆ ಬೆಳ್ಳಗಿದೆ. ಗದ್ದದ ಕೆಳಗೆ, ನಾನು ಬಣ್ಣ ನಿಲ್ಲಿಸಿದ ಗೆರೆಯಿಂದಲೇ ಶುರುವಾಗಿ, ಕುತ್ತಿಗೆ, ಎದೆಯ ಮೇಲ್ಭಾಗ, ಕಿವಿಗಳು ಕಾಯಿಸಿದ ಹಾಗೆ ಕೆಂಪು. ಬರೀ ಪುಡಿ ತಟ್ಟಿ ಕಳಿಸುವ ಸೈನಿಕರ ಮುಖವೂ ಕೆಂಪು.

ಬಣ್ಣದ ಗೆರೆಯಲ್ಲೇ ಸುಟ್ಟಿದೆ, ಇದಕ್ಕಿಂತ ಸಾಕ್ಷಿ ಇನ್ನೇನು ಬೇಕು ಅಂದರು. ಸಿಟ್ಟಿನಲ್ಲಿ ನಾಲಿಗೆ ತೊದಲುತ್ತದೆ, ಅದೇ ನನ್ನ ಶಾಪ. ಬಾಯಿಗೆ ಬಂದದ್ದು ಹೇಳಿ, ಬಾಗಿಲು ಬಡಿದು ನನ್ನ ಕೋಣೆಗೆ ಬಂದೆ. ಬಾಗಿಲಿನ ಹಿಂದಿನ ಕನ್ನಡಿ ಬಿದ್ದು ಒಡೆಯಿತು. ಅದೂ ನನ್ನದೇ.

ಮನೆಯಲ್ಲಿ ಇವರು ಮೆಲ್ಲಗೆ, "ಒಂದ್ಸಲ ಸಾಮಾನೆಲ್ಲ ಬದಲಾಯಿಸಿ ನೋಡಬಾರದಾ?" ಅಂದರು. ಅನ್ನ ಬಡಿಸುತ್ತಿದ್ದ ಸೌಟು ಪಾತ್ರೆಗೇ ಹಾಕಿ ಎದ್ದುಬಿಟ್ಟೆ. ಊರೆಲ್ಲ ನನ್ನ ಮೇಲೆ ಗೂಬೆ ಕೂರಿಸಲಿ, ಕಟ್ಟಿಕೊಂಡವರೂ ಒಂದು ಗೂಬೆ ತಂದು ಕೂರಿಸಬೇಕೇ?

ನಮ್ಮ ಕಸುಬಿನಲ್ಲಿ ಒಂದು ರೂಢಿ ಇದೆ. ಯಾವ ಬಣ್ಣದ ಮೇಲಾದರೂ ಅನುಮಾನ ಬಂದರೆ ಮೊದಲು ಹಚ್ಚುವವಳ ಮುಂಗೈಗೆ ಪಟ್ಟಿ ಎಳೆದು ನೋಡಬೇಕು. ಎಡಗೈಗೆ ಒಂದೊಂದು ಪಟ್ಟಿ ಎಳೆದಿದ್ದೇನೆ: ಬಿಳಿ, ಹಳದಿ, ಕೆಂಪು, ಕಾಡಿಗೆ, ಗಡ್ಡ ಅಂಟಿಸುವ ಅಂಟು. ನಾಳೆಯವರೆಗೆ ತೊಳೆಯುವುದಿಲ್ಲ.

ಫೆಬ್ರವರಿ 14, ಶುಕ್ರವಾರ

ಕೈಯಲ್ಲಿ ಒಂದು ಗುಳ್ಳೆಯೂ ಇಲ್ಲ, ಒಂದು ಕಲೆಯೂ ಇಲ್ಲ. ಕೈ ಚಾಚಿಕೊಂಡು ಎಲ್ಲರಿಗೂ ತೋರಿಸಿದೆ. ನಿಮ್ಮ ಚರ್ಮ ದಪ್ಪ ಬಿಡಿ ಅಕ್ಕ, ಅಂದ ಒಬ್ಬ ಸೈನಿಕ. ಉಳಿದವರು ನಕ್ಕರು.

ಮಹಾರಾಣಿಗೆ ಕಣ್ಣು ಬಿಡಲಾಗುತ್ತಿಲ್ಲವೆಂದು ಇವತ್ತು ಮೂರನೇ ಅಂಕ ಆಡಲಿಲ್ಲ. ಬಣ್ಣವೂ ಬೇಡ ಅಂದರು ಮೇಷ್ಟ್ರು. ಪ್ರದರ್ಶನಕ್ಕೆ ಎರಡು ವಾರ ಇರುವಾಗಲೇ ದಿನವೂ ಪೂರ್ತಿ ಬಣ್ಣದಲ್ಲಿ ತಾಲೀಮು ಮಾಡಿಸುವ ಪದ್ಧತಿ ಅವರದೇ. ಮುಖಕ್ಕೆ ಪಾತ್ರ ಒಗ್ಗಬೇಕಂತೆ. ಆ ಪದ್ಧತಿಯನ್ನೇ ಮುರಿದರು ಅಂದರೆ ನನ್ನ ಮೇಲೆ ಎಷ್ಟು ನಂಬಿಕೆ ಇದೆ ನೋಡಿ.

ಫೆಬ್ರವರಿ 15, ಶನಿವಾರ

ನಿನ್ನೆ ಯಾರಿಗೂ ಹೊಸದಾಗಿ ಕಣ್ಣು ಉರಿಯಲಿಲ್ಲವಂತೆ. ಬಣ್ಣವಿಲ್ಲ, ನೋವೂ ಇಲ್ಲ. ಬೆಳಗ್ಗೆಯಿಂದ ಎಲ್ಲರ ಬಾಯಲ್ಲೂ ಇದೇ. ಮೈ ಪರಚಿಕೊಳ್ಳುವ ಹಾಗಾಯಿತು.

ಮಹಾರಾಣಿ ಕಣ್ಣಿನ ಡಾಕ್ಟರ ಹತ್ತಿರ ಹೋಗುತ್ತಾಳೆಂದು ಗೊತ್ತಾಗಿ ನಾನೂ ಹಿಂದೆಯೇ ಹೊರಟೆ, ಡಬ್ಬಿಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು. ನಾನಿಲ್ಲದಾಗ ಅವಳು ಉಪ್ಪುಖಾರ ಹಚ್ಚಿ ಹೇಳಬಾರದಲ್ಲ. ಡಾಕ್ಟರಮ್ಮ ನನಗಿಂತ ಚಿಕ್ಕವರು, ಗಂಭೀರ ಸ್ವಭಾವದವರು. ಕಣ್ಣಿಗೆ ಹಳದಿ ಹನಿ ಹಾಕಿ, ನೀಲಿ ದೀಪ ಹಿಡಿದು ನೋಡಿದರು. ಕಣ್ಣಿನ ಮೇಲ್ಪದರವೆಲ್ಲ ಚುಕ್ಕೆ ಚುಕ್ಕೆಯಾಗಿ ಸುಲಿದಿದೆಯಂತೆ. ವೆಲ್ಡಿಂಗ್ ನೋಡುತ್ತಾ ನಿಂತಿದ್ದಿರಾ ಎಂದು ಕೇಳಿದರು. ಇಲ್ಲ ಅಂದಳು. ಬೇರೆ ಏನಾದರೂ ಜೋರು ಬೆಳಕು? ನಾಟಕದ ದೀಪಗಳಷ್ಟೇ ಅಂದಳು. ಸಾಮಾನ್ಯ ನಾಟಕದ ದೀಪದಿಂದ ಹೀಗಾಗುವುದಿಲ್ಲ ಅಂದರು. ನಾನು ಚೀಲ ಬಿಚ್ಚಿ ಡಬ್ಬಿಗಳನ್ನು ಮೇಜಿನ ಮೇಲೆ ಸುರಿದೆ. ಇವುಗಳಿಂದ ಅಲ್ಲ ಎಂದು ಒಂದು ಚೀಟಿ ಬರೆದುಕೊಡಿ ಅಂದೆ. ಪರೀಕ್ಷೆ ಮಾಡದೆ ಹಾಗೆಲ್ಲ ಬರೆಯಲಾಗದು ಅಂದರು.

ಅಷ್ಟೇ ಸಾಕಾಯಿತು ಅವಳಿಗೆ. ವಾಪಸು ಬಂದವಳೇ "ಡಾಕ್ಟರೂ ಅಲ್ಲ ಅಂತ ಹೇಳಲಿಲ್ಲ" ಎಂದು ಸಾರಿದಳು. ಈ ಹುಡುಗಿಯ ನಾಲಿಗೆಗೆ ಅಂಟು ಹಚ್ಚಬೇಕು, ಗಡ್ಡದ ಅಂಟು.

ಫೆಬ್ರವರಿ 17, ಸೋಮವಾರ

ಬಣ್ಣದ ಕೋಣೆಯ ಕೀ ಕೊಟ್ಟುಬಿಡಿ ಅಂದರು ಮೇಷ್ಟ್ರು. ಈ ನಾಟಕ ಮುಗಿಯುವವರೆಗೆ ಮಾತ್ರವಂತೆ. ಬೇಜಾರು ಮಾಡಿಕೊಳ್ಳಬಾರದಂತೆ. ಪ್ರದರ್ಶನಕ್ಕೆ ಬೇರೆ ತಂಡದಿಂದ ಒಬ್ಬನನ್ನು ಕರೆಸುತ್ತಾರಂತೆ, ಅಲ್ಲಿಯವರೆಗೆ ಅವರವರ ಬಣ್ಣ ಅವರವರೇ ಹಚ್ಚಿಕೊಳ್ಳುತ್ತಾರಂತೆ.

ಒಬ್ಬ ಬಣ್ಣದವಳ ಬಣ್ಣದಿಂದ ಮುಖ ಸುಟ್ಟಿತು ಅಂತ ಮಾತು ಹುಟ್ಟಿದರೆ ಇನ್ನು ಯಾವ ತಂಡದವರು ಅವಳ ಮುಂದೆ ಮುಖ ಒಡ್ಡುತ್ತಾರೆ? ಇದನ್ನು ಕೇಳಬೇಕೆಂದಿದ್ದೆ. ನಾಲಿಗೆ ತೊದಲಿತು. ಕೀಯನ್ನು ಅವರ ಮುಂದೆ ನೆಲಕ್ಕೆ ಎಸೆದೆ.

ಆಗ ಚಂದಮಾಮ ಎಲ್ಲಿದ್ದರು? ಅಲ್ಲೇ, ರಂಗದ ಅಂಚಿನಲ್ಲಿ. ಟ್ಯೂಬಿನ ಧೂಳು ಒರೆಸುತ್ತಿದ್ದರು. ಎಲ್ಲ ಕೇಳಿಸಿಕೊಂಡರು, ಮುಂದಿನ ಟ್ಯೂಬು ಒರೆಸಲು ಸರಿದರು. ಮನೆಗೆ ಬಂದ ಮೇಲೆ ದೊಡ್ಡ ಊರಿನ ದೊಡ್ಡ ರಂಗಮಂದಿರದವರು ಯಾರೋ ಭಾನುವಾರ ಪ್ರದರ್ಶನಕ್ಕೆ ಬರುತ್ತಾರೆ, ಬೆಳದಿಂಗಳ ಸುದ್ದಿ ಕೇಳಿಯೇ ಬರುತ್ತಾರೆ ಅಂದರು. ನನಗೆ ಸಂತೋಷವಾಗಲಿ ಎಂದು ಹೇಳಿದ್ದಂತೆ.

ಆ ಮನುಷ್ಯನ ಜೊತೆ ಮಾತಿಲ್ಲ.

ಫೆಬ್ರವರಿ 18, ಮಂಗಳವಾರ

ಕತ್ತು ಹಿಡಿದು ಹೊರಗೆ ಹಾಕಿದವರ ಮುಂದೆಯೇ ಹೋಗಿ ಕೂತೆ. ಚೀಲದಲ್ಲೇ ಉಳಿದಿದ್ದ ಡಬ್ಬಿಗಳಿಂದ ಎಡಗೈಗೆ ಮತ್ತೆ ಪಟ್ಟಿಗಳನ್ನು ಎಳೆದುಕೊಂಡು, ತೋಳು ಮೇಲಕ್ಕೆ ಮಡಚಿ, ಮೂರನೇ ಅಂಕದುದ್ದಕ್ಕೂ ರಂಗದ ಮೇಲೆ ಒಂದು ಪಕ್ಕ ಕೈ ಚಾಚಿಕೊಂಡು ಕೂತಿದ್ದೆ. ಮೊದಲ ದಿನ ಪರದೆಯ ಸಂದಿಯಿಂದ ಇಣುಕಿದ್ದು ಬಿಟ್ಟರೆ ಇಲ್ಲಿಯವರೆಗೆ ಈ ಅಂಕದ ಹೊತ್ತಿಗೆ ನಾನು ಒಳಗೆ ಬ್ರಶ್ಶು ತೊಳೆಯುತ್ತಿದ್ದೆ. ಇವತ್ತು ನನಗೆ ತೊಳೆಯಲು ಬ್ರಶ್ಶೂ ಇಲ್ಲ. ನಾಳೆ ಇದೇ ಕೈಯನ್ನು ಇವರೆಲ್ಲರ ಮೂಗಿನ ಕೆಳಗೆ ಹಿಡಿಯುತ್ತೇನೆ. ನೋಡಿ, ನನ್ನ ಬಣ್ಣ ಹಚ್ಚಿಕೊಂಡು ನಿಮ್ಮ ನಡುವೆಯೇ ಕೂತಿದ್ದೆ, ಏನಾಯಿತು ಹೇಳಿ ಅಂತ ಕೇಳುತ್ತೇನೆ.

ಮೇಷ್ಟ್ರು ಕಂಡೂ ಕಾಣದವರ ಹಾಗಿದ್ದರು. ಮಹಾರಾಣಿ ತಾನೇ ಹಚ್ಚಿಕೊಂಡ ಬಣ್ಣದಲ್ಲಿ ಸುಣ್ಣ ಬಳಿದ ಗೋಡೆಯ ಹಾಗಿದ್ದಳು. ನೋಡಿ ಸ್ವಲ್ಪ ಸಮಾಧಾನವಾಯಿತು.

ಫೆಬ್ರವರಿ 19, ಬುಧವಾರ

ಕಣ್ಣು ಸರಿಯಾಗಿ ಬಿಡಲಾಗುತ್ತಿಲ್ಲ. ಅಕ್ಷರ ಸೊಟ್ಟ ಬರುತ್ತಿದೆ. ಬರೆಯದೆ ಇರಲಾರೆ.

ನಿನ್ನೆ ಸಂಜೆ ತರಕಾರಿ ಹೆಚ್ಚುವಾಗ ಶುರುವಾಯಿತು. ಮೊದಲು ಈರುಳ್ಳಿಯದೇ ಎಂದುಕೊಂಡೆ. ಆಮೇಲೆ ರೆಪ್ಪೆಯ ಒಳಗೆ ಯಾರೋ ಮರಳು ಕಾಗದ ಉಜ್ಜಿದ ಹಾಗೆ. ಮಹಾರಾಣಿ ನಾಟಕವಾಡಿರಲಿಲ್ಲ. ಒದ್ದೆ ಬಟ್ಟೆ ಕಣ್ಣಿಗಿಟ್ಟುಕೊಂಡು ಬೆಳಗು ಮಾಡಿದೆ.

ಬೆಳಗ್ಗೆ ಕೈ ತೊಳೆದೆ. ತೊಳೆದ ಮೇಲೆ ಅಲ್ಲೇ ಬಚ್ಚಲ ಕಟ್ಟೆಯ ಮೇಲೆ ಕೂತುಬಿಟ್ಟೆ.

ಪಟ್ಟಿ ಎಳೆದ ಕಡೆಯೆಲ್ಲ ನನ್ನ ಚರ್ಮ ಎಂದಿನ ಬಣ್ಣದಲ್ಲಿದೆ. ಏನೂ ಹಚ್ಚದೆ ಬಿಟ್ಟ ಕಡೆಯೆಲ್ಲ ಕೆಂಪು. ಮುಟ್ಟಿದರೆ ಉರಿ. ಬಿಳಿ ಬಣ್ಣದ ಕೆಳಗೆ ಅತಿ ಚೆನ್ನಾಗಿ ಉಳಿದಿದೆ. ಬರೀ ಅಂಟು ಹಚ್ಚಿದ ಕಡೆ ಅಷ್ಟಾಗಿ ಉಳಿದಿಲ್ಲ. ಮಹಾರಾಣಿಯ ಕುತ್ತಿಗೆಯೂ ಬಣ್ಣ ನಿಂತ ಗೆರೆಯ ಆಚೆಗೇ ಕೆಂಪಾಗಿತ್ತಲ್ಲ. ಆಚೆಗೆ! ನನ್ನ ಬಣ್ಣ ಅವಳ ಮುಖವನ್ನು ಸುಟ್ಟಿರಲಿಲ್ಲ, ಮರೆಮಾಡಿತ್ತು. ಗೆರೆ ಎಳೆದವಳು ನಾನು, ನನಗೇ ಅದು ಕಾಣಲಿಲ್ಲ. ಕೂಗಾಡುವುದರಲ್ಲೇ ಮುಳುಗಿದ್ದೆ.

ಅದೇ ಒದ್ದೆ ಬಟ್ಟೆ ಹಿಡಿದುಕೊಂಡು ಡಾಕ್ಟರಮ್ಮನ ಹತ್ತಿರ ಹೋದೆ. ಹಾಲಿನ ಕಾರ್ಖಾನೆಯ ಟ್ಯೂಬು, ಕ್ರಿಮಿ ಸಾಯಿಸುವುದು ಅನ್ನುತ್ತಿದ್ದ ಹಾಗೆ ಅವರ ಮುಖವೇ ಬದಲಾಯಿತು. ಅದು ನೇರಳಾತೀತ ಬೆಳಕಂತೆ. ನಮಗೆ ಕಾಣುವ ನೀಲಿ ಅದರ ಒಂದು ಅಂಚು ಮಾತ್ರವಂತೆ, ಕೆಲಸ ಮಾಡುವುದು ಕಾಣದ ಭಾಗವಂತೆ. ಬಿಸಿಲಿನಲ್ಲಿಯೂ ಆ ಜಾತಿಯ ಬೆಳಕಿದೆ, ಆದರೆ ಈ ಟ್ಯೂಬಿನದು ಅದರಲ್ಲೆಲ್ಲ ಕ್ರೂರವಾದದ್ದು. "ಕೋಣೆಯಲ್ಲಿ ಒಂದು ನರಪಿಳ್ಳೆಯೂ ಇಲ್ಲದಾಗ, ಬಾಗಿಲು ಹಾಕಿ ಹಚ್ಚಬೇಕಾದ್ದು ಇದು. ಕ್ರಿಮಿಗೆ ಏನು ಮಾಡತ್ತೋ ನಿಮ್ಮ ಕಣ್ಣಿನ ಪದರಕ್ಕೂ ಅದನ್ನೇ ಮಾಡತ್ತೆ" ಅಂದರು. ಬೆಳಕಿನಲ್ಲಿರುವಾಗ ಏನೂ ಗೊತ್ತಾಗುವುದಿಲ್ಲ, ಕೆಲವು ಗಂಟೆಗಳ ಮೇಲೆ ಉರಿ ಶುರು. ಅದಕ್ಕೇ ಯಾರೂ ಬೆಳಕಿನ ಮೇಲೆ ಅನುಮಾನಪಡುವುದಿಲ್ಲ. ಮಂತ್ರಿಯನ್ನು ಉಳಿಸಿದ್ದು ಅವನ ದಪ್ಪ ಕನ್ನಡಕ. ಕಣ್ಣು ಉಜ್ಜಬೇಡಿ, ಹನಿ ಹಾಕಿ, ಕತ್ತಲಲ್ಲಿರಿ, ಒಂದೆರಡು ದಿನದಲ್ಲಿ ಪದರ ಮತ್ತೆ ಕೂಡುತ್ತದೆ ಅಂದರು. ಮತ್ತೆ ಮತ್ತೆ ಸುಡುವುದು ಮಾತ್ರ ಆಟವಲ್ಲ, ಕಣ್ಣಿಗೂ ಅಲ್ಲ, ಚರ್ಮಕ್ಕೂ ಅಲ್ಲ, ಮೊದಲು ಆ ಟ್ಯೂಬು ಆರಿಸಿ ಅಂದರು.

ಮೊನ್ನೆ ನೀವು ಇದನ್ನೇಕೆ ಹೇಳಲಿಲ್ಲ ಎಂದು ಅವರು ಕೇಳಿದರು. ಡಬ್ಬಿಗಳನ್ನು ಸುರಿಯುವ ಗಡಿಬಿಡಿಯಲ್ಲಿದ್ದೆ ಅಂತ ಹೇಗೆ ಹೇಳಲಿ?

ನಿನ್ನೆ ತಾವೇ ಬಣ್ಣ ಹಚ್ಚಿಕೊಂಡವರಿಗೂ ಸಂಜೆ ಕಣ್ಣು ಉರಿದಿದೆ. ನನ್ನ ಬ್ರಶ್ಶು ಮುಟ್ಟಿದ್ದಕ್ಕಂತೆ. ನಗಬೇಕೋ ಅಳಬೇಕೋ.

ಫೆಬ್ರವರಿ 20, ಗುರುವಾರ

ಹೇಳಿದೆ. ಮನೆಯಲ್ಲೇ ಇವರಿಗೆ ಕೈ ತೋರಿಸಿದೆ. ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಒಪ್ಪಿಸಿದೆ. ಆ ಮನುಷ್ಯ ನನ್ನ ಕೈಯನ್ನು ಹಿಡಿದು, ಬಹಳ ಹೊತ್ತು ನೋಡಿದರು. ಅರ್ಥವಾಯಿತು, ನನಗೆ ಗೊತ್ತು, ಅರ್ಥವಾಯಿತು. ಆಮೇಲೆ ಅಂದರು, "ಭಾನುವಾರದ ತನಕ ಸುಮ್ನಿರು. ಒಂದೇ ಒಂದು ಪ್ರದರ್ಶನ."

ಒಂದೇ ಒಂದು ಪ್ರದರ್ಶನದಲ್ಲಿ ಮುಂದಿನ ಸಾಲಿನಲ್ಲಿ ನೆಲದ ಮೇಲೆ ಯಾರನ್ನು ಕೂರಿಸುತ್ತೇವೆ? ಮಕ್ಕಳನ್ನು. ಟ್ಯೂಬುಗಳ ಪಕ್ಕದಲ್ಲೇ. ಹಾಗೆಂದೆ. ತಲೆ ತಗ್ಗಿಸಿದರು. ಮತ್ತೆ, ಮಕ್ಕಳ ಕಡೆಗೆ ಒಂದು ತಗಡು ಕಟ್ಟುತ್ತೇನೆ ಅಂದರು. ರಂಗದ ಮೇಲಿನವರಿಗೆ? ಅವರಿಗೆ ಹನಿ ಕೊಡಿಸೋಣ ಅಂದರು. ನನಗೆ? ನನ್ನ ಹೆಸರಿಗೆ ಯಾವ ಹನಿ ಕೊಡಿಸುತ್ತೀರಿ ಎಂದು ಕೇಳಿದೆ.

ಜಗಳ ಹೆಚ್ಚಾಯಿತು. ಕೊನೆಗೆ ಡಾಕ್ಟರಿಗೆ ನಾಟಕ ಗೊತ್ತಾ, ಎಲ್ಲ ನಿನ್ನ ಭ್ರಮೆ, ನಾನೇ ಕೂತು ತೋರಿಸುತ್ತೇನೆ ಎಂದು ಹೊರಟರು. ಹಿಂದೆಯೇ ಹೋದೆ. ತಾಲೀಮಿನ ಹಾಲಿನಲ್ಲಿ ಯಾರೂ ಇರಲಿಲ್ಲ. ಟ್ಯೂಬುಗಳನ್ನೆಲ್ಲ ಹಚ್ಚಿ, ಯಾವಾಗಲೂ ಹಾಕಿಕೊಳ್ಳುವ ಕನ್ನಡಕ ತೆಗೆದು ಜೇಬಿಗೆ ಹಾಕಿ, ರಾಣಿ ಕೂರುವ ಕಲ್ಲಿನ ಮೇಲೆ ಕೂತರು. ಆ ಬೆಳಕಿನಲ್ಲಿ ಮುಖ ಎಷ್ಟು ಚೆನ್ನಾಗಿ ಕಾಣುತ್ತಿತ್ತೆಂದರೆ ಇನ್ನೂ ಸಿಟ್ಟು ಬಂತು. ಕೂತಿರಿ ಹಾಗಾದರೆ, ಅಂದು ಹೊರಗೆ ಬಂದೆ. ಗೇಟಿನವರೆಗೆ ಹೋದೆ. ರಸ್ತೆ ದಾಟಿದೆ. ಅಂಗಡಿಯಲ್ಲಿ ಏನು ಕೇಳಿದೆನೋ ಏನು ಕೊಂಡೆನೋ ನೆನಪಿಲ್ಲ. ವಾಪಸು ಬಂದು ನೋಡಿದರೆ ಹಾಗೇ ಕೂತಿದ್ದಾರೆ, ನೆಟ್ಟಗೆ, ಫೋಟೋ ತೆಗೆಸಿಕೊಳ್ಳುವವರ ಹಾಗೆ. ಮೇನ್ ಸ್ವಿಚ್ಚು ಎಳೆದೆ. ಇಬ್ಬರೂ ಮನೆಗೆ ಬಂದೆವು.

ಫೆಬ್ರವರಿ 21, ಶುಕ್ರವಾರ

ನಿನ್ನೆ ರಾತ್ರಿ ಊಟದ ಹೊತ್ತಿಗೇ ಇವರಿಗೆ ಶುರುವಾಗಿತ್ತು. ತೋರಿಸಿಕೊಳ್ಳಬಾರದೆಂದು ಹಲ್ಲು ಕಚ್ಚಿಕೊಂಡಿದ್ದರು. ತಟ್ಟೆ ಕಾಣದೆ ಅನ್ನಕ್ಕೆ ಬದಲು ಮೇಜಿಗೆ ಕೈ ಹಾಕಿದಾಗ ಎದ್ದು ಹೋಗಿ ಹನಿ ತಂದು ಹಾಕಿದೆ. ಹೇಳಿದ್ದೆ ತಾನೆ ಎಂದು ನಾನು ಅನ್ನಲಿಲ್ಲ. ನಾಲಿಗೆ ತುದಿಯವರೆಗೆ ಬಂದಿತ್ತು. ಒದ್ದೆ ಬಟ್ಟೆ ಬದಲಾಯಿಸುವುದರಲ್ಲಿ ಬೇರೆ ಕೆಲಸವೇ ಆಗಲಿಲ್ಲ.

ಬೆಳಗ್ಗೆ ಮುಖ ಬೇಯಿಸಿದ ಹಾಗಿತ್ತು, ಕಣ್ಣು ಊದಿ ಗೆರೆಯಾಗಿತ್ತು. "ತಾಲೀಮಿನ ಹಾಲಿಗೆ ಕರ್ಕೊಂಡು ಹೋಗು" ಅಂದರು. ದಾರಿಯುದ್ದಕ್ಕೂ ನನ್ನ ತೋಳು ಹಿಡಿದುಕೊಂಡಿದ್ದರು, ಸುಟ್ಟ ತೋಳನ್ನೇ. ಉರಿಯುತ್ತಿತ್ತು.

ಎಲ್ಲರೂ ಸೇರಿದ್ದರು. ಮೇಷ್ಟ್ರು ನೋಡಿ ಗಾಬರಿಯಾದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು, "ಏನ್ರೀ ಇದು, ಮನೇಲೂ ಬಣ್ಣ ಹಚ್ಚಿದ್ರಾ?" ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು.

ಉತ್ತರ ನಾನೇ ಹೇಳಬಹುದಿತ್ತು. ನಾಲಿಗೆ ತೊದಲುತ್ತಿರಲಿಲ್ಲ, ಒಂದೊಂದು ಮಾತೂ ಸಾಲಾಗಿ ನಿಂತಿತ್ತು. ಹೇಳಲಿಲ್ಲ. ತೋಳಿನ ಮೇಲಿದ್ದ ಅವರ ಕೈಯನ್ನು ಬಿಡಿಸಿ, ರಂಗದ ನಡುವೆ ಅವರನ್ನು ಬಿಟ್ಟು ಒಂದು ಪಕ್ಕಕ್ಕೆ ಸರಿದು ನಿಂತೆ. ಕೈ ಗಾಳಿಯಲ್ಲಿ ಒಮ್ಮೆ ನನ್ನನ್ನು ಹುಡುಕಿತು. ಹೋಗಲಿಲ್ಲ.

"ಮೇಷ್ಟ್ರೇ," ಅಂದರು. "ಇವತ್ತಿನವರೆಗೂ ನನ್ನ ಮುಖಕ್ಕೆ ಇವಳು ಬಣ್ಣ ಹಚ್ಚಿಲ್ಲ. ಯಾರೂ ಹಚ್ಚಿಲ್ಲ. ಇದು ನನ್ನ ಬೆಳದಿಂಗಳು."

ಆಮೇಲೆ ಎಲ್ಲ ಹೇಳಿದರು, ಗುಜರಿ ಅಂಗಡಿಯಿಂದ ಹಿಡಿದು. ನಾನು ನಿನ್ನೆಯೇ ಹೇಳಿದ್ದೆ, ತಾವೇ ಭಾನುವಾರದ ತನಕ ಸುಮ್ಮನಿರು ಅಂದಿದ್ದು, ಅದನ್ನೂ ಬಿಡಲಿಲ್ಲ. ಅದನ್ನು ಬಿಟ್ಟಿದ್ದರೂ ನನಗೆ ಬೇಜಾರಿರಲಿಲ್ಲ.

ಫೆಬ್ರವರಿ 22, ಶನಿವಾರ

ಮೇಷ್ಟ್ರು ಕೀ ವಾಪಸು ಕೊಟ್ಟರು. ಆಯಿತಲ್ಲ ಬಿಡಿ, ಹೊಟ್ಟೆಗೆ ಹಾಕಿಕೊಳ್ಳಿ ಅಂದರು. ಅವರ ಹೊಟ್ಟೆ ದೊಡ್ಡದು, ನನ್ನದು ಅಷ್ಟಿಲ್ಲ. ಎಲ್ಲರೆದುರು ಕಿತ್ತುಕೊಂಡದ್ದನ್ನು ಎಲ್ಲರೆದುರೇ ಕೊಡಿ ಅಂದೆ. ಕರೆಸಿ, ಸಾಲಾಗಿ ನಿಲ್ಲಿಸಿ, ಮತ್ತೆ ಕೊಟ್ಟರು. ಮಹಾರಾಣಿ ಮೂಲೆಯಲ್ಲಿ ನಿಂತು ಉಗುರು ಕಚ್ಚುತ್ತಿದ್ದಳು. ಆಮೇಲೆ ಒಳಗೆ ಬಂದು, ಒಡೆದ ಕನ್ನಡಿಯ ಜಾಗಕ್ಕೆ ತನ್ನ ಮನೆಯಿಂದ ತಂದ ಕನ್ನಡಿ ತೂಗುಹಾಕಿ ಹೋದಳು. ಆ ಹುಡುಗಿಯ ಕುತ್ತಿಗೆ ಇನ್ನೂ ಸುಲಿಯುತ್ತಿದೆ. ನಾಳೆ ಅಲ್ಲಿಗೆ ತೆಳುವಾಗಿ ಹಚ್ಚಬೇಕು, ಉರಿಯಬಾರದು.

ಸೈನಿಕರು ಟ್ಯೂಬುಗಳನ್ನು ಅಂಗಳದಲ್ಲಿ ಕುಟ್ಟಿ ಪುಡಿ ಮಾಡಲು ಹೊರಟಿದ್ದರು. ಒಳಗೆ ಪಾದರಸ ಇದೆ, ಒಡೆದರೆ ಅದೊಂದು ಹೊಸ ಪೀಡೆ ಎಂದು ಇವರು ತಡೆದರು. ಕಣ್ಣು ಮುಚ್ಚಿಕೊಂಡೇ ಒಂದೊಂದನ್ನೂ ತಡವಿ, ಅದೇ ಹಳೇ ಹೊದಿಕೆಯಲ್ಲಿ ಸುತ್ತಿದರು. ಹಾಳು ದೀಪಗಳನ್ನು ತೆಗೆದುಕೊಳ್ಳುವವರಿಗೆ ಫೋನ್ ಮಾಡಿಸಿದರು. ಅಷ್ಟರಲ್ಲಿ ಒಬ್ಬ, "ಫ್ಯೂಸಣ್ಣ, ಚಂದ್ರ ಮುಳುಗಿದ ಹಾಗಾಯ್ತಲ್ಲ" ಅಂದ. ಅವನನ್ನು ಎದುರಿಗೆ ನಿಲ್ಲಿಸಿಕೊಂಡು, ಇನ್ನೊಮ್ಮೆ ಆ ಹೆಸರು ಬಾಯಲ್ಲಿ ಬಂದರೆ ನಾಳೆ ನಿನ್ನ ಮೀಸೆಯನ್ನು ಹಣೆಗೆ ಅಂಟಿಸಿ ಕಳಿಸುತ್ತೇನೆ ಅಂದೆ. ಒಮ್ಮೆಯೂ ತೊದಲಲಿಲ್ಲ.

ಫೆಬ್ರವರಿ 23, ಭಾನುವಾರ

ಇವರು ಕಪ್ಪು ಕನ್ನಡಕ ಹಾಕಿಕೊಂಡು ಪರದೆಯ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತಿದ್ದರು. ದೀಪದ ಗುಂಡಿಗಳ ಮುಂದೆ ನಾನು. ಮಾತು ಕೇಳಿಸಿಕೊಂಡೇ ಇವರು ಯಾವುದು ಯಾವಾಗ ಎಂದು ಪಿಸುಗುಟ್ಟುತ್ತಿದ್ದರು. ಬೆಳದಿಂಗಳಿಗೆ ಹಳೇ ನೀಲಿ ಬಲ್ಬು, ಅದರ ಮುಂದೆ ನನ್ನ ಪುಡಿ ಸೋಸುವ ತೆಳು ಬಟ್ಟೆ. ಬಟ್ಟೆ ಬಿಸಿಯಾಗದ ಹಾಗೆ ದೂರಕ್ಕೆ ಕಟ್ಟು ಎಂದು ಮೂರು ಸಲ ಹೇಳಿದರು.

ದೊಡ್ಡ ರಂಗಮಂದಿರದವರು ಬಂದಿದ್ದರಂತೆ, ಎರಡನೇ ಅಂಕಕ್ಕೇ ಎದ್ದು ಹೋದರಂತೆ. ಇವರಿಗೆ ಹೇಳಿಲ್ಲ.

ರಾಣಿ ಮಗನ ಜೊತೆ ಮಾತು ಶುರು ಮಾಡಿದಾಗ, "ಹೇಗಿದೆ?" ಎಂದು ಕೇಳಿದರು.

"ಔಷಧಿ ಅಂಗಡಿ ಬೋರ್ಡಿನ ಥರ ಇದೆ" ಅಂದೆ.

ಸ್ಟೂಲು ಅಲುಗಾಡಿತು. ನಗುತ್ತಿದ್ದರೋ ಏನೋ, ಕತ್ತಲಲ್ಲಿ ಕಾಣಲಿಲ್ಲ. ಮುಂದಿನ ಸಾಲಿನ ಮಕ್ಕಳು ಮಾತ್ರ ಬಾಯಿ ತೆರೆದುಕೊಂಡು, ಕಣ್ಣರಳಿಸಿ ನೋಡುತ್ತಿದ್ದರು.

ಫೆಬ್ರವರಿ 25, ಮಂಗಳವಾರ

ಇವರ ಕಣ್ಣು ಸರಿಹೋಗಿದೆ. ಮುಖ ಮಾತ್ರ ಹಳೇ ಗೋಡೆಯ ಸುಣ್ಣದ ಹಾಗೆ ಎದ್ದುಬರುತ್ತಿದೆ. ಸುಟ್ಟ ಚರ್ಮಕ್ಕೆ ಬಿಸಿಲು ತಾಗಬಾರದು ಅಂದಿದ್ದಾರೆ ಡಾಕ್ಟರಮ್ಮ. ಇವರು ಬರಿ ತಲೆಯಲ್ಲಿ ಮಧ್ಯಾಹ್ನದ ಬಿಸಿಲಿಗೆ ಹೊರಟು ನಿಂತಿದ್ದರು, ತಂತಿ ಬಿಚ್ಚಬೇಕಂತೆ. ಬಾಗಿಲಲ್ಲೇ ತಡೆದು, ಟೋಪಿ ಕೊಟ್ಟು, ಅದಕ್ಕೆ ಮೊದಲು ಕುರ್ಚಿಯಲ್ಲಿ ಕೂರಿಸಿ ಮುಲಾಮು ಹಚ್ಚಿದೆ. ಪಾತ್ರದವರಿಗೆ ಹಚ್ಚುವ ಹಾಗೆಯೇ, ಗದ್ದ ಹಿಡಿದು, ಮುಖ ಕಿಟಕಿಯ ಕಡೆ ತಿರುಗಿಸಿ.

"ಇದು ಯಾವ ಪಾತ್ರ?" ಅಂದರು. ಬಾಯಿ ಮುಚ್ಚಿಕೊಂಡು ಕೂತಿರಿ, ತುಟಿಗೆ ಹೋಗುತ್ತದೆ ಅಂದೆ.

ತಂಡದ ಒಬ್ಬೊಬ್ಬರ ಮುಖವೂ ನನಗೆ ಬಾಯಿಪಾಠ. ಇವರ ಎಡ ಹುಬ್ಬಿನ ಕೆಳಗೆ ಒಂದು ಸಣ್ಣ ಮಚ್ಚೆ ಇದೆ. ಇವತ್ತು ನೋಡಿದೆ.

ಕೋಪ ಇನ್ನೂ ಇಳಿದಿಲ್ಲ. ಮುಲಾಮು ದಿನಕ್ಕೆ ಎರಡು ಸಲ ಅಂದಿದ್ದಾರೆ. ಸಂಜೆ ಬಂದ ಮೇಲೆ ಮತ್ತೆ ಹಚ್ಚಬೇಕು.